ಅಮೇಲಿಯಾ ಇಯರ್‌ಹಾರ್ಟ್ ಪುಟಕ್ಕೆ ಯಾವ ಫೋಟೋ ಹಾಕೋದು? ಸ್ವಲ್ಪ ಸಲಹೆ ಕೊಡಿ

ಹಂಚಿನಮನೆ

ನಮಸ್ಕಾರ ಎಲ್ರಿಗೂ. ಕನ್ನಡ ವಿಕಿಪೀಡಿಯಕ್ಕೆ ಅಮೇಲಿಯಾ ಇಯರ್‌ಹಾರ್ಟ್ (1937ರಲ್ಲಿ ಹಾರಾಟದ ಮಧ್ಯೆ ಕಾಣೆಯಾದ ಅಮೆರಿಕದ ಪೈಲಟ್) ಲೇಖನ ವಿಸ್ತರಿಸ್ತಾ ಇದ್ದೀನಿ, ಬರವಣಿಗೆ ಹೆಚ್ಚುಕಮ್ಮಿ ಮುಗೀತು, ಉಳಿದಿರೋದು ಫೋಟೋ. ವಿಕಿಪೀಡಿಯದ ಫೋಟೋ ಭಂಡಾರ ಕಾಮನ್ಸ್‌ನಲ್ಲಿ ಹುಡುಕಿದ್ರೆ ಇವರದ್ದು ರಾಶಿ ರಾಶಿ ಬರುತ್ತೆ, ಯಾವ್ದು ತಗೊಳ್ಳೋದು ಯಾವ್ದು ಬಿಡೋದು ಅಂತ ತಲೆ ಕೆಟ್ಟೋಗಿದೆ. ಸದ್ಯಕ್ಕೆ ಪಕ್ಕಕ್ಕೆ ಎತ್ತಿಟ್ಟಿರೋದು ಇಷ್ಟು: 1937ರಲ್ಲಿ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನದ ಮೂತಿ ಕೆಳಗೆ ನಿಂತಿರೋದು, ಇದು ತುಂಬಾ ಫೇಮಸ್ಸು. ಚರ್ಮದ ಜಾಕೆಟ್ ಹಾಕ್ಕೊಂಡು ಕ್ಯಾಮೆರಾ ಕಡೆ ನೋಡ್ತಾ ಇರೋ ಕ್ಲೋಸಪ್ಪು. 1928ರ ಅಟ್ಲಾಂಟಿಕ್ ಹಾರಾಟದ ಕಾಲದ್ದು ಒಂದು. 1932ರಲ್ಲಿ ಅಧ್ಯಕ್ಷ ಹೂವರ್ ಪದಕ ಕೊಡೋದು. ಹವಾಯಿಯಲ್ಲಿ ಎಲೆಕ್ಟ್ರಾ ಮುರಿದು ಬಿದ್ದಿರೋದು. ವಾಷಿಂಗ್ಟನ್ ಮ್ಯೂಸಿಯಂನಲ್ಲಿರೋ ಅವರ ಕೆಂಪು ವೇಗಾ ವಿಮಾನ. ಆಮೇಲೆ ಯಾರೋ ಬಣ್ಣ ತುಂಬಿರೋ ಒಂದು ಪೋರ್ಟ್ರೇಟ್, ನೋಡೋಕೆ ಬಹಳ ಚೆನ್ನಾಗಿದೆ, ನಿನ್ನೆ ತೆಗೆದ ಹಾಗಿದೆ.

ನನ್ನ ಪ್ರಶ್ನೆ ಏನಂದ್ರೆ ಇನ್ಫೋಬಾಕ್ಸ್‌ಗೆ (ಪುಟದ ಶುರುವಲ್ಲಿರೋ ಮಾಹಿತಿ ಚೌಕ) ಯಾವ್ದು, ಒಳಗೆ ಎಷ್ಟು, ಮತ್ತೆ 2017ರಲ್ಲಿ ಟೀವಿಲಿ ಬಂತಲ್ಲ ಮಾರ್ಷಲ್ ದ್ವೀಪದ ಕಟ್ಟೆ ಮೇಲೆ ಕೂತಿರೋ ಫೋಟೋ, ಅದನ್ನ "ಕಣ್ಮರೆ" ವಿಭಾಗದಲ್ಲಿ ಹಾಕ್ಬಹುದಾ? ಓದೋರು ಅದನ್ನೇ ಹುಡುಕ್ಕೊಂಡು ಬರ್ತಾರೆ ಅನ್ಸುತ್ತೆ.

ಬಂದರು_ಬೈಲು

ಇನ್ಫೋಬಾಕ್ಸ್‌ಗೆ ಎಲೆಕ್ಟ್ರಾ ಮೂತಿ ಕೆಳಗಿನದ್ದು ಬೇಡ ಮಾರಾಯ್ರೆ. ಫೋಟೋ ಒಳ್ಳೇದೇ, ದೊಡ್ಡದಾಗಿ ನೋಡಿದ್ರೆ ಗಂಭೀರವಾಗಿ ಉಂಟು, ಆದ್ರೆ ಮೊಬೈಲಲ್ಲಿ ಏನಾಗ್ತದೆ ನೋಡಿ, ಸರ್ಚ್ ರಿಸಲ್ಟಲ್ಲಿ ಬರುವ ಆ ಬೆರಳುಗುರಿನಷ್ಟು ಚೌಕದಲ್ಲಿ ಕಾಣುವುದು ವಿಮಾನದ ಹೊಟ್ಟೆ ಮಾತ್ರ, ಹೆಂಗಸು ಎಲ್ಲಿ ಅಂತ ಹುಡುಕ್ಬೇಕು. ನಮ್ಮಲ್ಲಿ ಓದುವವರಲ್ಲಿ ಹೆಚ್ಚಿನವರು ಫೋನಲ್ಲೇ ಅಲ್ವಾ. ಇನ್ಫೋಬಾಕ್ಸಿಗೆ ಉದ್ದಕ್ಕೆ ಇರುವ ಫೋಟೋ, ಎದೆಯಿಂದ ಮೇಲೆ, ಮುಖ ಸ್ಪಷ್ಟ, ಅಷ್ಟು ಸಾಕು. ಜಾಕೆಟಿನ ಕ್ಲೋಸಪ್ಪೇ ಹಾಕಿ.

ಒಳಗೆ ಹಾಕುವಾಗ ಇನ್ನೊಂದು, ಅವರು ಯಾವ ಕಡೆ ನೋಡ್ತಾ ಇದ್ದಾರೋ ಆ ಕಡೆ ಬರಹ ಇರ್ಬೇಕು. ಬಲಗಡೆ ಇಟ್ಟ ಫೋಟೋದಲ್ಲಿ ಅವರು ಬಲಕ್ಕೇ ತಿರುಗಿದ್ರೆ ಪುಟದಿಂದ ಹೊರಗೆ ನೋಡಿದ ಹಾಗೆ ಆಗ್ತದೆ. ಹಾಗಂತ ಫೋಟೋವನ್ನು ಫ್ಲಿಪ್ ಮಾಡ್ಲಿಕ್ಕೆ ಹೋಗ್ಬೇಡಿ ಆಯ್ತಾ, ರೆಕ್ಕೆ ಮೇಲಿನ ನಂಬರೆಲ್ಲ ಉಲ್ಟಾ ಆಗ್ತದೆ, ಅಂಥದ್ದು ನೋಡಿದ್ದೇನೆ ನಾನು.

ಬಣ್ಣ ತುಂಬಿದ್ದು ಖಂಡಿತ ಬೇಡ.

ಜೋಳದರೊಟ್ಟಿ

ಯಾವ್ದು ಚಂದ ಐತಿ ಅನ್ನೋದು ಆಮ್ಯಾಲ ನೋಡ್ರಿ, ಮೊದ್ಲು ಯಾವ್ದು ಉಳೀತೈತಿ ಅನ್ನೋದು ನೋಡ್ರಿ. ನೀವು ಹಾಕಿದ ಫೋಟೋ ಆರು ತಿಂಗಳಿಗೆ ಕಾಮನ್ಸ್‌ನಾಗ ಡಿಲೀಟ್ ಆತಂದ್ರ ನಿಮ್ಮ ಲೇಖನದಾಗ ಕೆಂಪು ಲಿಂಕ್ ಒಂದ ಉಳೀತೈತಿ, ಯಾರೂ ಬಂದು ಹೇಳಂಗಿಲ್ಲ.

ಇಯರ್‌ಹಾರ್ಟ್ ಅವರ ಫೋಟೋದಾಗ ಒಂದು ಮಾಮೂಲಿ ಗೊಂದಲ ಐತ್ರಿ. ನಾಸಾದ ವೆಬ್‌ಸೈಟಿನ್ಯಾಗ ಇದ್ದದ್ದಕ್ಕ ನಾಸಾ ಟ್ಯಾಗ್ ಹಚ್ಚಿ ಏರಿಸಿಬಿಡ್ತಾರ, ಅಮೆರಿಕ ಸರ್ಕಾರದ ಕೆಲಸ, ಪಬ್ಲಿಕ್ ಡೊಮೇನ್ ಅಂತ. ಅಲ್ರೀ, ನಾಸಾ ಹುಟ್ಟಿದ್ದ 1958ಕ್ಕ. ಆಕಿ ಕಾಣೆಯಾಗಿದ್ದು 1937ಕ್ಕ. ನಾಸಾದ ಫೋಟೋಗ್ರಾಫರ್ ಆಕಿ ಫೋಟೋ ಹೆಂಗ ತಗದಾನು? ಯಾವ್ದೋ ಪತ್ರಿಕೆದವ್ರು, ಯಾವ್ದೋ ಸ್ಟುಡಿಯೋದವ್ರು ತಗದದ್ದು ನಾಸಾದ ಕಡೆ ಒಂದು ಪ್ರಿಂಟ್ ಇತ್ತು, ಅವ್ರು ವೆಬ್‌ಸೈಟಿಗೆ ಹಾಕಿದ್ರು, ಅಷ್ಟ. ಇಟ್ಕೊಂಡವ್ರು ಬ್ಯಾರೆ, ತಗದವ್ರು ಬ್ಯಾರೆ. ಹಕ್ಕಿನ ಲೆಕ್ಕ ತಗದವ್ರ ಮ್ಯಾಲೆ ನಡೀತೈತಿ.

ಆದ್ರ ನಾಸಾಕ್ಕಿಂತ ಮೊದಲ ನಾಕಾ ಅಂತ ಸರ್ಕಾರದ ವಿಮಾನ ಸಂಶೋಧನಾ ಸಂಸ್ಥೆ ಇತ್ತು, 1915ರಾಗ ಶುರುವಾದದ್ದು. ಇಯರ್‌ಹಾರ್ಟ್ 1928ರ ಕೊನಿಗೆ ಲ್ಯಾಂಗ್ಲಿಯೊಳಗಿನ ಅವರ ಲ್ಯಾಬಿಗೆ ಹೋಗಿದ್ರು, ಅಲ್ಲಿ ಗಾಳಿ ಸುರಂಗ ನೋಡೂ ಮುಂದ ಅವರ ತುಪ್ಪಳದ ಕೋಟು ಅದರಾಗ ಎಳಕೊಂಡಿತ್ತಂತ. ಆ ಭೇಟಿ ಒಳಗ ಇಂಜಿನಿಯರುಗಳ ಜೋಡಿ ನಿಂತ ಒಂದು ಗ್ರೂಪ್ ಫೋಟೋ ಐತಿ. ಅದು ನಾಕಾದ ನೌಕರರೇ ತಗದದ್ದಾದ್ರ ಖರೇನ ಸರ್ಕಾರದ ಕೆಲಸ, ಅದಕ್ಕ ಯಾರೂ ಚಕಾರ ಎತ್ತಂಗಿಲ್ಲ.

ಉಳಿದದ್ದಕ್ಕ ಸಣ್ಣಂಗ ಹೇಳ್ತೀನಿ. ಅಮೆರಿಕದಾಗ ಪ್ರಕಟ ಆಗಿ 95 ವರ್ಷ ದಾಟಿದ್ರ ಫ್ರೀ. ಅಂದ್ರ 1928ರಾಗ ಪೇಪರಿನ್ಯಾಗ ಬಂದದ್ದು 2024ರ ಜನವರಿ 1ಕ್ಕ ಫ್ರೀ ಆತು. 1932, 1937ರದ್ದಕ್ಕ ಕಾಪಿರೈಟ್ ನೋಟಿಸ್ ಇಲ್ಲದ ಪ್ರಕಟ ಮಾಡಿದ್ರ ಅಥವಾ 28ನೇ ವರ್ಷಕ್ಕ ರಿನ್ಯೂ ಮಾಡಿರಲಿಲ್ಲಂದ್ರ ಫ್ರೀ, ಆದ್ರ ಅದನ್ನ ತೋರಿಸೂ ಜವಾಬ್ದಾರಿ ಏರಿಸಿದವ್ರದ್ದು. ನಮಗ ಅಷ್ಟು ಹುಡುಕಾಟ ಬ್ಯಾಡಂದ್ರ ಲೈಬ್ರರಿ ಆಫ್ ಕಾಂಗ್ರೆಸ್‌ನಾಗ ಹ್ಯಾರಿಸ್ ಅಂಡ್ ಯೂಯಿಂಗ್ ಸಂಗ್ರಹ ಐತಿ, ವಾಷಿಂಗ್ಟನ್ನಿನ ಸ್ಟುಡಿಯೋ, ಅದಕ್ಕ ಗೊತ್ತಿರೂ ನಿರ್ಬಂಧ ಯಾವ್ದೂ ಇಲ್ಲಂತ ಲೈಬ್ರರಿನ ಬರದೈತಿ. ಬೇನ್ ಸಂಗ್ರಹನೂ ಹಂಗ. ನ್ಯೂಯಾರ್ಕ್ ವರ್ಲ್ಡ್ ಟೆಲಿಗ್ರಾಂ ಸಂಗ್ರಹದಾಗ ಮಾತ್ರ ಹುಷಾರ್ರಿ, ಆ ಪತ್ರಿಕೆಯ ಸ್ಟಾಫ್ ತಗದದ್ದಾದ್ರ ಸೈ, ಏಜೆನ್ಸಿಯಿಂದ ಬಂದ ಪ್ರಿಂಟೂ ಅದ ಡಬ್ಬಿಯೊಳಗ ಇರ್ತಾವು. ಪ್ರಿಂಟಿನ ಹಿಂದಿನ ಮುದ್ರೆ ನೋಡ್ರಿ.

ಫೋಟೋ ಮಾರೂ ಕಂಪನಿಗಳ ವಾಟರ್‌ಮಾರ್ಕ್ ಇದ್ದ ಮಾತ್ರಕ್ಕ ಹಕ್ಕು ಅವರದ್ದು ಅಂತ ಅಲ್ಲ, ಫ್ರೀ ಇದ್ದದ್ದನ್ನೂ ಮಾರ್ತಾರ. ಉಲ್ಟಾನೂ ಅಷ್ಟ, ವಾಟರ್‌ಮಾರ್ಕ್ ಇಲ್ಲಂದ್ರ ಫ್ರೀ ಅಂತಲೂ ಅಲ್ಲ.

ಕಾಡಮಲ್ಲಿಗೆ

2017ರ ಫೋಟೋ ದಯವಿಟ್ಟು ಹಾಕ್ಬೇಡಿ. ಆ ಕಥೆ ಆಗ್ಲೇ ಮುಗಿದಿದೆ. ಜುಲೈನಲ್ಲಿ ಅಮೆರಿಕದ ಟೀವಿಯವರು ಜಾಲೂಯಿಟ್ ಹವಳದ್ವೀಪದ ಕಟ್ಟೆ ಮೇಲೆ ಬೆನ್ನು ತಿರುಗಿಸಿ ಕೂತಿರೋದೇ ಇಯರ್‌ಹಾರ್ಟ್, ಪಕ್ಕದಲ್ಲಿ ನಿಂತಿರೋದು ಜೊತೆಗೆ ಕಾಣೆಯಾದ ನ್ಯಾವಿಗೇಟರ್ ಫ್ರೆಡ್ ನೂನನ್, ಜಪಾನಿನವರು ಹಿಡಿದಿದ್ರು ಅಂತ ದೊಡ್ಡದಾಗಿ ತೋರಿಸಿದ್ರು, ಕೆಲವೇ ದಿನಕ್ಕೆ ಜಪಾನಿನ ಒಬ್ಬ ಬ್ಲಾಗರ್ ಅವರ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ ಅದೇ ಫೋಟೋ ಇರೋ ಪ್ರವಾಸದ ಪುಸ್ತಕ ಹುಡುಕಿ ತೆಗೆದ್ರು, ಪುಸ್ತಕ ಪಲಾವುನಲ್ಲಿ ಅಚ್ಚಾಗಿದ್ದು 1935ರಲ್ಲಿ. ಅಂದ್ರೆ ಅವರು ಕಾಣೆಯಾಗೋಕೆ ಎರಡು ವರ್ಷ ಮುಂಚೆ! 1935ರಲ್ಲಿ ಇಯರ್‌ಹಾರ್ಟ್ ಹವಾಯಿಯಿಂದ ಓಕ್ಲೆಂಡ್‌ಗೆ ಒಬ್ಬರೇ ಹಾರಿ ಊರೆಲ್ಲಾ ಭಾಷಣ ಮಾಡ್ಕೊಂಡು ಓಡಾಡ್ತಿದ್ರು. ಬೇಕಿದ್ರೆ ಈ ಪ್ರಸಂಗವನ್ನ ಒಂದೆರಡು ಸಾಲಲ್ಲಿ ಬರೀರಿ, ಫೋಟೋ ಹಾಕಿದ ಕೂಡ್ಲೇ ಜನ ಕೆಳಗಿನ ಕ್ಯಾಪ್ಶನ್ ಓದಲ್ಲ, ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪಲ್ಲಿ "ವಿಕಿಪೀಡಿಯಲ್ಲೇ ಇದೆ" ಅಂತ ಕಳಿಸ್ತಾರೆ.

ಇದಕ್ಕಿಂತ ದೊಡ್ಡ ತಕರಾರು ನಂದು ಬೇರೆ ಇದೆ. ನಿಮ್ಮ ಪಟ್ಟಿ ನೋಡಿ, ಎಲೆಕ್ಟ್ರಾ, ಮುರಿದ ಎಲೆಕ್ಟ್ರಾ, ಈಗ ಈ ಮಾರ್ಷಲ್ ದ್ವೀಪ, ಮೂರೂ 1937ಕ್ಕೆ ಸೇರಿದ್ದು. ಮನುಷ್ಯೆ ಬದುಕಿದ್ದು 39 ವರ್ಷ, ಪುಟ ತೆರೆದೋರಿಗೆ ಕಾಣೋದು ಕೊನೇ ನಾಲ್ಕು ತಿಂಗಳು. ಪುಟ ಜೀವನಚರಿತ್ರೆನಾ ಇಲ್ಲ ಪತ್ತೇದಾರಿ ಕಥೆನಾ ಅಂತ ಫೋಟೋನೇ ತೀರ್ಮಾನ ಮಾಡಿಬಿಡುತ್ತೆ. 1921ರಲ್ಲಿ ನೀಟಾ ಸ್ನೂಕ್ ಅನ್ನೋ ಇನ್ನೊಬ್ಬ ಹೆಂಗಸಿನ ಹತ್ರ ಹಾರೋದು ಕಲಿತ್ರಲ್ಲ, ಅವರಿಬ್ಬರೂ ಒಟ್ಟಿಗೆ ಕಿನ್ನರ್ ಏರ್‌ಸ್ಟರ್ ವಿಮಾನದ ಮುಂದೆ ನಿಂತಿರೋ ಫೋಟೋ ಇದೆ. ಹೆಣ್ಣುಮಗಳಿಗೆ ಹೆಣ್ಣುಮಗಳೇ ವಿಮಾನ ಕಲಿಸಿದ್ದು 1921ರಲ್ಲಿ ಅಂದ್ರೆ ಅದಕ್ಕಿಂತ ಒಳ್ಳೇ ಫೋಟೋ ಏನು ಬೇಕು ಹೇಳಿ. 1929ರ ಹೆಂಗಸರ ವಿಮಾನ ರೇಸು, ಸಾಂಟಾ ಮೋನಿಕಾದಿಂದ ಕ್ಲೀವ್‌ಲ್ಯಾಂಡ್‌ವರೆಗೆ, ಅದರಲ್ಲಿ ಮೂರನೇ ಸ್ಥಾನ ಬಂದ್ರು, ಅದರದ್ದು ಗ್ರೂಪ್ ಫೋಟೋಗಳಿವೆ. ಅದೇ ವರ್ಷ ಮಹಿಳಾ ಪೈಲಟ್‌ಗಳ ನೈಂಟಿ ನೈನ್ಸ್ ಸಂಘ ಶುರುವಾಯ್ತು. 1935ರಿಂದ ಪರ್ಡ್ಯೂ ಯುನಿವರ್ಸಿಟಿಲಿ ಹುಡುಗೀರಿಗೆ ಯಾವ ಕೆಲಸಕ್ಕೆ ಹೋಗ್ಬಹುದು ಅಂತ ಸಲಹೆ ಕೊಡೋ ಹುದ್ದೆಯಲ್ಲಿದ್ರು. ಇದ್ಯಾವ್ದೂ ಫೋಟೋದಲ್ಲಿ ಬರ್ದೇ ಬರೀ ಸಾವಿನ ಸುತ್ತ ಸುತ್ತಿದ್ರೆ ಏನು ಪ್ರಯೋಜನ.

ಹಂಚಿನಮನೆ

ಎಲ್ರಿಗೂ ಥ್ಯಾಂಕ್ಸ್. ಮಲ್ಲಿಗೆ ಅಕ್ಕ ಹೇಳಿದ್ದು ಸರಿ, ಮಾರ್ಷಲ್ ದ್ವೀಪದ್ದು ಕೈಬಿಟ್ಟೆ, ಸ್ನೂಕ್ ಜೊತೆಗಿನದ್ದು ಹುಡುಕ್ತೀನಿ. ಆದ್ರೆ ಮುರಿದ ಎಲೆಕ್ಟ್ರಾ ಬಿಡೋಕೆ ಮನಸ್ಸಿಲ್ಲ. ಮಾರ್ಚ್ 20ಕ್ಕೆ ಹವಾಯಿಯ ಲ್ಯೂಕ್ ಫೀಲ್ಡಲ್ಲಿ ಟೇಕಾಫ್ ಆಗೋವಾಗ ತಿರುಗಿ ಬಿತ್ತಲ್ಲ, ಅದಾಗಿದ್ದಕ್ಕೇ ರಿಪೇರಿಗೆ ಕಳಿಸಿ, ಪಶ್ಚಿಮಕ್ಕೆ ಹೋಗ್ಬೇಕಿದ್ದೋರು ದಿಕ್ಕೇ ಬದಲಾಯಿಸಿ ಪೂರ್ವಕ್ಕೆ ಹೊರಟಿದ್ದು, ಹಂಗಾಗಿ ಕಷ್ಟದ ಪೆಸಿಫಿಕ್ ಭಾಗ ಶುರುವಿಗೆ ಬರೋದು ಕೊನೆಗೆ ಹೋಯ್ತು. ಅದನ್ನ ಬರವಣಿಗೆಲಿ ವಿವರಿಸಿದೀನಿ, ಫೋಟೋ ಪಕ್ಕದಲ್ಲಿದ್ರೆ ತಕ್ಷಣ ಅರ್ಥ ಆಗುತ್ತೆ.

ಬಣ್ಣದ್ದು ಯಾಕೆ ಬೇಡ ಅಂತ ಬೈಲು ಅವರು ಹೇಳ್ಲಿಲ್ಲ. ಮಕ್ಕಳಿಗೆ ಬಣ್ಣ ಇದ್ರೆ ಇಷ್ಟ ಆಗುತ್ತೆ ಅಲ್ವಾ?

ಬಂದರು_ಬೈಲು

ಇಷ್ಟ ಆಗ್ತದೆ, ಸರಿ. ಆದ್ರೆ ಆ ಬಣ್ಣ ಎಲ್ಲಿಂದ ಬಂತು? ಕಪ್ಪುಬಿಳುಪು ಫೋಟೋದಲ್ಲಿ ಬೂದು ಇರ್ತದೆ, ಸಾಫ್ಟ್‌ವೇರ್ ಅಂದಾಜಿನ ಮೇಲೆ ಏನೋ ಒಂದು ಬಳಿತದೆ. ಇವರ ವಿಮಾನಗಳದ್ದು ನಿಜವಾದ ಬಣ್ಣ ನಮಗೆ ಗೊತ್ತುಂಟು. ಮೊದಲಿನ ಕಿನ್ನರ್ ಹಳದಿ, ಅದಕ್ಕೇ ಕೆನರಿ ಅಂತ ಹೆಸರಿಟ್ಟದ್ದು. 1932ರ ವೇಗಾ ಕೆಂಪು, ಇವತ್ತಿಗೂ ಸ್ಮಿತ್ಸೋನಿಯನ್ನಿನಲ್ಲಿ ಹಾಗೇ ಉಂಟು. ಎಲೆಕ್ಟ್ರಾ ಹೆಚ್ಚಿನ ಭಾಗ ಬಣ್ಣ ಬಳಿಯದ ಲೋಹ, ಫಳಫಳ ಹೊಳೆಯುವುದು. ಮ್ಯೂಸಿಯಂನ ವೇಗಾ ಫೋಟೋ ಯಾರಾದ್ರೂ ವಿಕಿಮೀಡಿಯನ್ನರು ತಾವೇ ತೆಗೆದು ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಕೊಟ್ಟದ್ದನ್ನು ಹಾಕಿ, ಮಕ್ಕಳಿಗೆ ಬಣ್ಣವೂ ಆಯ್ತು, ಸತ್ಯವೂ ಆಯ್ತು.

ಮೂಡಲಪಾಯ

ತಡವಾಗಿ ಬಂದೆ, ಎರಡು ಮಾತು. ವಿಮಾನದ ಹುಚ್ಚು ನಂಗೆ ಚಿಕ್ಕಂದಿನಿಂದ, ಅದಕ್ಕೆ ಉದ್ದ ಆದ್ರೆ ಸಹಿಸ್ಕೊಳ್ಳಿ.

ಫೋಟೋಗಿಂತ ಕ್ಯಾಪ್ಶನ್ನಲ್ಲಿ ಎಡವೋದು ಜಾಸ್ತಿ ಗುರು. 1928ರದ್ದು ಹಾಕಿದ್ರೆ ಕೆಳಗೆ "ಅಟ್ಲಾಂಟಿಕ್ ದಾಟಿದ ಮೊದಲ ಮಹಿಳಾ ಪೈಲಟ್" ಅಂತ ಬರೀಬೇಡಿ, ಎಲ್ಲಾ ಕಡೆ ಇದೇ ತಪ್ಪು. ಆ ಫ್ರೆಂಡ್‌ಶಿಪ್ ವಿಮಾನ ಓಡಿಸಿದ್ದು ವಿಲ್ಮರ್ ಸ್ಟಲ್ಟ್ಜ್, ಮೆಕ್ಯಾನಿಕ್ ಲೂಯಿಸ್ ಗಾರ್ಡನ್, ಇವರು ಪ್ರಯಾಣಿಕರು, ನ್ಯೂಫೌಂಡ್‌ಲ್ಯಾಂಡಿನ ಟ್ರೆಪಾಸಿಯಿಂದ ವೇಲ್ಸ್‌ನ ಬರಿ ಪೋರ್ಟ್‌ವರೆಗೆ 20 ಗಂಟೆ 40 ನಿಮಿಷ ಕೂತು ಲಾಗ್ ಬರ್ಕೊಂಡು ಬಂದ್ರು. ಆಲೂಗಡ್ಡೆ ಮೂಟೆ ಥರ ಬರೀ ಲಗೇಜಾಗಿದ್ದೆ ಅಂತ ಅವರೇ ಹೇಳ್ಕೊಂಡಿದಾರೆ. ಸ್ವತಃ ಒಬ್ಬರೇ ಓಡಿಸಿ ದಾಟಿದ್ದು 1932ರ ಮೇ 20-21, ನ್ಯೂಫೌಂಡ್‌ಲ್ಯಾಂಡಿನದ್ದೇ ಹಾರ್ಬರ್ ಗ್ರೇಸಿಂದ ಹೊರಟು ಉತ್ತರ ಐರ್ಲೆಂಡಿನ ಕಲ್ಮೋರ್ ಹತ್ರ ಹುಲ್ಲುಗಾವಲಲ್ಲಿ ಇಳಿದ್ರು. ಎರಡೂ ಹಾರಾಟಕ್ಕೆ ಒಂದೊಂದು ಫೋಟೋ, ಒಂದರಲ್ಲಿ ಪ್ರಯಾಣಿಕರು ಒಂದರಲ್ಲಿ ಪೈಲಟ್, ನಡುವೆ ನಾಲ್ಕು ವರ್ಷ. ಇಷ್ಟನ್ನೇ ಕ್ಯಾಪ್ಶನ್ನಲ್ಲಿ ಹೇಳಿದ್ರೂ ಅರ್ಧ ಲೇಖನ ಹೇಳಿದ ಹಾಗೆ.

ಇನ್ನು ದಿನಾಂಕ ಹಿಡಿಯೋದು. ಯಾವ್ಯಾವುದೋ ಫೈಲಲ್ಲಿ "1930ರ ದಶಕ" ಅಂತ ಬರೆದು ಬಿಟ್ಟಿರ್ತಾರೆ, ವಿಮಾನದ ಮೈ ನೋಡಿದ್ರೆ ಗೊತ್ತಾಗುತ್ತೆ. ರೆಕ್ಕೆ ಮೇಲೋ ಬಾಲದ ಮೇಲೋ ಎನ್‌ಆರ್ 7952 ಇದ್ರೆ ಅದು 1932ರಲ್ಲಿ ಅಟ್ಲಾಂಟಿಕ್ ದಾಟಿದ ವೇಗಾ, ಈಗ ಮ್ಯೂಸಿಯಂನಲ್ಲಿರೋದು. ಎನ್‌ಆರ್ 965ವೈ ಇದ್ರೆ ಅದು ಬೇರೆ ವೇಗಾ, 1935ರ ಹವಾಯಿ ಹಾರಾಟದ್ದು. ನೋಡೋಕೆ ಎರಡೂ ಒಂದೇ ಥರ, ಅದಕ್ಕೆ ಅದಲುಬದಲು ಮಾಡ್ತಾರೆ. ಎಲೆಕ್ಟ್ರಾ ಎನ್‌ಆರ್ 16020. ಎಲೆಕ್ಟ್ರಾದಲ್ಲೂ ಬಲಗಡೆ ಹಿಂಬದಿಲಿ ಒಂದು ಕಿಟಕಿ ಇರೋ ಜಾಗದಲ್ಲಿ ಹೊಳೆಯೋ ಅಲ್ಯೂಮಿನಿಯಂ ತೇಪೆ ಕಾಣಿಸ್ತಾ? ಹಾಗಾದ್ರೆ ಆ ಫೋಟೋ ಮಯಾಮಿಲಿ ಕಿಟಕಿ ಮುಚ್ಚಿದ ಮೇಲಿನದು, ಅಂದ್ರೆ 1937ರ ಮೇ ಕೊನೆ ಅಥವಾ ಆಮೇಲಿಂದು. ಓಕ್ಲೆಂಡಿನ ಮಾರ್ಚ್ ಫೋಟೋ ಹಾಕಿ "ಕೊನೆಯ ಹಾರಾಟಕ್ಕೆ ಮುನ್ನ" ಅಂತ ಬರೆದ್ರೆ ನಮ್ಮಂಥೋರು ಬಂದು ಕಿತ್ತಾಕ್ತೀವಿ. ಮಾರ್ಚಲ್ಲಿ ನಾಲ್ಕು ಜನ ಇದ್ರು ತಂಡದಲ್ಲಿ, ಇಯರ್‌ಹಾರ್ಟ್, ಪಾಲ್ ಮಾಂಟ್ಜ್, ಹ್ಯಾರಿ ಮ್ಯಾನಿಂಗ್, ನೂನನ್. ಗ್ರೂಪ್ ಫೋಟೋ ಕ್ರಾಪ್ ಮಾಡಿ ಸಿಕ್ಕಿದ ಗಂಡಸನ್ನ ನೂನನ್ ಅಂತ ಕರೀಬೇಡಿ.

ಮತ್ತೆ ಬೈಲು ಅವರೇ, ಜಾಕೆಟ್ ಫೋಟೋ ಸಹಜವಾಗಿದೆ ಅಂತ ಎಲ್ಲರಿಗೂ ಅನ್ಸುತ್ತೆ, ಆದ್ರೆ ಆ ಲುಕ್ಕೇ ತಯಾರು ಮಾಡಿದ್ದು. ಕಲಿಯೋ ಕಾಲದಲ್ಲೇ ಹೊಸ ಜಾಕೆಟ್ ಹೊಸದಾಗಿ ಕಾಣ್ಬಾರ್ದು ಅಂತ ಮೂರು ರಾತ್ರಿ ಅದನ್ನ ಹಾಕ್ಕೊಂಡೇ ಮಲಗಿದ್ರಂತೆ. ಆಮೇಲೆ ಪ್ರಕಾಶಕ ಪಟ್ನಮ್ ಬಂದ್ರು, 1931ರಲ್ಲಿ ಮದುವೆನೂ ಆಯ್ತು, ಪ್ರಚಾರ ಪೂರ್ತಿ ಅವರ ಕೈಲಿ. ಹಲ್ಲಿನ ಸಂದಿ ಕಾಣುತ್ತೆ, ಫಾರ್ಮಲ್ ಫೋಟೋಗೆ ಬಾಯಿ ಮುಚ್ಕೊಂಡು ನಗು ಅಂತ ಹೇಳ್ತಿದ್ರು ಆ ಮಹಾನುಭಾವರು. ಅದಕ್ಕೇ ನನ್ನ ಓಟು ಹಲ್ಲು ಕಾಣೋ ಹಾಗೆ ನಗ್ತಿರೋ ಯಾವ್ದಾದ್ರೂ ಫೋಟೋಗೆ. ಹ್ಯಾರಿಸ್ ಅಂಡ್ ಯೂಯಿಂಗ್ ಸಂಗ್ರಹ ಜಾಲಾಡಿ ನೋಡಿ.

ಬಂದರು_ಬೈಲು

ಹಲ್ಲು ಕಾಣ್ಲಿ, ಬೇಡ ಅಂದವರು ಯಾರು. ಮುಖ ದೊಡ್ಡದಾಗಿ ಇರ್ಲಿ ಅಂತ ಮಾತ್ರ ನಾನು ಹೇಳುವುದು. ಪ್ರಚಾರದ ಫೋಟೋ ಅಂತ ಬಿಡ್ಲಿಕ್ಕೆ ಹೊರಟ್ರೆ ಇವರದ್ದು ಉಳಿಯುವುದು ಎಷ್ಟು?

ಕಾಡಮಲ್ಲಿಗೆ

ಅಲ್ವೇ! ಬಿಡೋದು ಬೇಡ, ಜಾಕೆಟ್ ಕಥೆ ಮತ್ತೆ ಪಟ್ನಮ್ ವಿಷ್ಯ ಲೇಖನದಲ್ಲಿ ಸೇರಿಸಿ, ಆ ಫೋಟೋ ಅದರ ಪಕ್ಕ ಇಡಿ. ಹೂವರ್ ಪದಕದ್ದೂ ಇರ್ಲಿ, ಜೂನ್ 21, 1932, ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿ ಪದಕ ಅದು. ಸರ್ಕಾರದ ಪದಕ ಅಂತ ಬರೆದುಬಿಟ್ಟೀರಿ.

ಸ್ಕ್ರೀನ್ ರೀಡರ್ ಬಳಸೋರಿಗೆ ಆಲ್ಟ್ ಪಠ್ಯನೂ ಕನ್ನಡದಲ್ಲಿ ಬರೀರಿ, ಕ್ಯಾಪ್ಶನ್ನೇ ಕಾಪಿ ಮಾಡ್ಬೇಡಿ. ಕ್ಯಾಪ್ಶನ್ನಲ್ಲಿ ಯಾರು, ಯಾವಾಗ, ಎಲ್ಲಿ. ಆಲ್ಟ್‌ನಲ್ಲಿ ಕಣ್ಣಿಗೆ ಕಾಣೋದು, "ಗಿಡ್ಡ ಕೂದಲಿನ ಮಹಿಳೆ, ಕೈ ವಿಮಾನದ ಪ್ರೊಪೆಲ್ಲರ್ ಮೇಲೆ" ಅನ್ನೋ ಥರ.

ಹಂಚಿನಮನೆ

ಕೊನೇದಾಗಿ ಎರಡು ಡೌಟು. ಪ್ರತಿಮೆ ಫೋಟೋ ಒಂದು "ಪರಂಪರೆ" ವಿಭಾಗಕ್ಕೆ ಹಾಕೋಣ ಅಂತಿದ್ದೆ, 2022ರಲ್ಲಿ ಕಾನ್ಸಾಸ್‌ನವರು ಅಮೆರಿಕ ಸಂಸತ್ ಭವನದಲ್ಲಿ ಇಟ್ರಲ್ಲ, ಅದು. ಮತ್ತೆ ಭಾರತದ ಮೇಲೆ ಹಾದು ಹೋಗಿದ್ದು ನಮ್ಮ ಓದುಗರಿಗೆ ಆಸಕ್ತಿ ಇರುತ್ತೆ, ಅದಕ್ಕೆ ಏನು ಹಾಕ್ಲಿ?

ಜೋಳದರೊಟ್ಟಿ

ಕಾನ್ಸಾಸ್ ಪ್ರತಿಮೆ ಆಗಂಗಿಲ್ರಿ. ನಮ್ಮ ದೇಶದಾಗ ಸಾರ್ವಜನಿಕ ಜಾಗದಾಗ ಕಾಯಂ ಇಟ್ಟ ಪ್ರತಿಮೆದ ಫೋಟೋ ತಗದು ಹಂಚಬಹುದು, ಕಾನೂನಿನಾಗ ಐತಿ. ಅಮೆರಿಕದಾಗ ಆ ಸವಲತ್ತು ಕಟ್ಟಡಕ್ಕ ಮಾತ್ರ, ಶಿಲ್ಪಕ್ಕ ಇಲ್ಲ. ಫೋಟೋ ನಿಮ್ದ ಇರಬಹುದು, ಶಿಲ್ಪದ ಹಕ್ಕು ಶಿಲ್ಪಿಗಳದ್ದು, ಅವ್ರು ಈಗಿನವ್ರು. ಆದ್ರ ಕೆನಡಾದಾಗ ನಡೀತೈತಿ, ಹಾರ್ಬರ್ ಗ್ರೇಸ್‌ನಾಗೂ ಆಕಿ ಪ್ರತಿಮೆ ಐತಿ, ಅದನ್ನ ಹಾಕ್ರಿ. ನೋಡ್ರಿ ಮಜಾ, ಸ್ವಂತ ದೇಶದ ಪ್ರತಿಮೆ ಹಾಕಂಗಿಲ್ಲ, ಪರದೇಶದ್ದು ಹಾಕಬಹುದು. ಇಲ್ಲಂದ್ರ 1963ರ 8 ಸೆಂಟಿನ ಏರ್‌ಮೇಲ್ ಸ್ಟಾಂಪ್ ಐತಲ್ಲ, ಅಮೆರಿಕದ 1978ಕ್ಕಿಂತ ಹಳೇ ಸ್ಟಾಂಪೆಲ್ಲ ಫ್ರೀ.

ಲ್ಯೂಕ್ ಫೀಲ್ಡ್ ಸೈನ್ಯದ್ದು, ಆ ಮುರಿದ ವಿಮಾನದ ಫೋಟೋ ಆರ್ಮಿಯವ್ರು ತಗದದ್ದಂತ ಮೂಲದಾಗ ಬರದಿದ್ರ ಚಿಂತಿ ಇಲ್ಲ. ಪೇಪರಿನವ್ರು ತಗದದ್ದೂ ಅದಾವು, ಹಂಗಾಗಿ ಮೂಲ ಪುಟ ತಗದು ನೋಡೇ ಹಾಕ್ರಿ.

ಮೂಡಲಪಾಯ

ಭಾರತದ ಭಾಗಕ್ಕೆ ಫೋಟೋಗಿಂತ ನಕ್ಷೆ ಹಾಕಿ. ಕೆಂಪು ಸಮುದ್ರದ ಅಸ್ಸಾಬ್‌ನಿಂದ ಎಲ್ಲೂ ಇಳೀದೆ ಕರಾಚಿಗೆ ಬಂದಿದ್ದು ಜೂನ್ 15, ಅಲ್ಲಿ ಒಂಟೆ ಸವಾರಿನೂ ಮಾಡಿದ್ರು. 17ಕ್ಕೆ ಕಲ್ಕತ್ತದ ಡಮ್‌ಡಮ್, ಮಾರನೇ ದಿನ ಬರ್ಮಾದ ಅಕ್ಯಾಬ್. ಅಲ್ಲಿಂದ ಮುಂಗಾರು ಶುರು ನೋಡಿ, ಅಕ್ಯಾಬ್‌ನಿಂದ ಹೊರಟೋರು ಮಳೆ ಹೊಡೆತಕ್ಕೆ ವಾಪಸ್ ಬಂದ್ರು, ರೆಕ್ಕೆ ಅಂಚಿನ ಬಣ್ಣ ಕಿತ್ತು ಬರೋ ಅಂಥ ಮಳೆ. ಆಮೇಲೆ ರಂಗೂನ್, ಬ್ಯಾಂಕಾಕ್, ಸಿಂಗಾಪುರ, ಬಂಡುಂಗ್, ಡಾರ್ವಿನ್, ಲೇ. ಜುಲೈ 2ಕ್ಕೆ ಲೇಯಿಂದ ಪೆಸಿಫಿಕ್‌ನ ಹೌಲೆಂಡ್ ದ್ವೀಪದ ಕಡೆ ಹೊರಟಿದ್ದು.

ಎಸ್‌ವಿಜಿ ನಕ್ಷೆ ಸಿಕ್ಕಿದ್ರೆ ಕಾಮನ್ಸ್‌ನ ಅನುವಾದದ ಟೂಲಲ್ಲೇ ಕನ್ನಡ ಲೇಬಲ್ ಹಾಕ್ಬಹುದು, ನಾನು ಮಾಡ್ಕೊಡ್ತೀನಿ. ಒತ್ತಕ್ಷರ ಸರಿ ಬರ್ತಾ ಇದ್ಯಾ ಅಂತ ಸೇವ್ ಆದ್ಮೇಲೆ ಪಿಎನ್‌ಜಿ ಪ್ರಿವ್ಯೂ ತೆಗೆದು ನೋಡ್ಬೇಕು, ನಮ್ಮ ಕಂಪ್ಯೂಟರಲ್ಲಿ ಸರಿ ಕಂಡ್ರೂ ಸರ್ವರ್ ಫಾಂಟಲ್ಲಿ ಒಡೆದು ಹೋಗಿರುತ್ತೆ ಒಂದೊಂದ್ಸಲ. ಕೊನೇ ದಿನಗಳ ಫೋಟೋ ಬೇಕೇ ಬೇಕು ಅಂದ್ರೆ ಡಾರ್ವಿನ್ನಿನದ್ದು ಹುಡುಕಿ, ಆಸ್ಟ್ರೇಲಿಯಾದಲ್ಲಿ 1946ಕ್ಕಿಂತ ಮುಂಚೆ ತೆಗೆದ ಫೋಟೋಗೆ ಅಲ್ಲೂ ತೊಂದ್ರೆ ಇಲ್ಲ ಅಮೆರಿಕದಲ್ಲೂ ಇಲ್ಲ.

ಹಂಚಿನಮನೆ

ಸರಿ ಹಾಗಾದ್ರೆ ಹೀಗೆ ಮಾಡ್ತೀನಿ. ಇನ್ಫೋಬಾಕ್ಸ್‌ಗೆ ಹ್ಯಾರಿಸ್ ಅಂಡ್ ಯೂಯಿಂಗ್‌ದು ನಗ್ತಿರೋದು ಸಿಕ್ಕಿದ್ರೆ ಅದು, ಇಲ್ಲಾಂದ್ರೆ ಜಾಕೆಟ್. ಒಳಗೆ ಸ್ನೂಕ್ ಜೊತೆಗಿನದ್ದು, 1928, ಹೂವರ್, ಮ್ಯೂಸಿಯಂ ವೇಗಾ, ಲ್ಯೂಕ್ ಫೀಲ್ಡ್, ನಕ್ಷೆ, ಕೊನೆಗೆ ಸ್ಟಾಂಪು. ಎಲೆಕ್ಟ್ರಾ ಮೂತಿದು ಬಿಟ್ಟೆ, ಹೊಟ್ಟೆ ಉರೀತಾ ಇದೆ. ಮೂಡಲಪಾಯ ಅವರೇ, ನಕ್ಷೆಗೆ ಊರುಗಳ ಪಟ್ಟಿ ಚರ್ಚೆ ಪುಟದಲ್ಲಿ ಹಾಕಿದೀನಿ, ಲೇ ಪಕ್ಕ ನ್ಯೂಗಿನಿ ಅಂತ ಸೇರಿಸಿ, ಇಲ್ಲಾಂದ್ರೆ ಲಡಾಖ್ ಅನ್ಕೋತಾರೆ.

ಜೋಳದರೊಟ್ಟಿ

ಸ್ನೂಕ್ ಫೋಟೋ ಸಿಕ್ಕಿದ ಕೂಡ್ಲೇ ಏರಿಸಬ್ಯಾಡ್ರಿ. 1921ರಾಗ ತಗದದ್ದು ಅಂದ್ರ 1921ರಾಗ ಪ್ರಕಟ ಆಗೈತಿ ಅಂತ ಅಲ್ಲ, ಯಾರದರ ಆಲ್ಬಮ್ಮಿನ್ಯಾಗ ಕುಂತು ಎಷ್ಟೋ ವರ್ಷಕ್ಕ ಹೊರಗ ಬಂದಿದ್ರ ಲೆಕ್ಕ ಬ್ಯಾರೆ ಆಗ್ತೈತಿ. ಫೈಲ್ ಲಿಂಕ್ ಇಲ್ಲಿ ಹಾಕ್ರಿ, ನೋಡಿ ಹೇಳ್ತೀನಿ.